ಕಥೆಗೊಂದು ವರ್ತಕ ಕುಲ ಕಟ್ಟುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿಗೋ ಗೇಮಿಗೋ ಒಂದು ಕಾಲ್ಪನಿಕ ವ್ಯಾಪಾರಿ ಜನಾಂಗವನ್ನು ಹುಟ್ಟಿಸಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ವರ್ತಕರ ಕಟ್ಟುಕಟ್ಟಳೆಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಒಂದೇ ತಾಪತ್ರಯದಿಂದ: ತಿಂಗಳುಗಟ್ಟಲೆ ಕಣ್ಣಿಗೆ ಬೀಳದವನ ಕೈಗೆ ಸರಕು ಕೊಟ್ಟು ನೆಮ್ಮದಿಯಾಗಿ ನಿದ್ದೆ ಮಾಡುವುದು ಹೇಗೆ? ಕೆಳಗಿನ ಉತ್ತರಗಳೆಲ್ಲ ಸುತ್ತುವುದು ಈ ಪ್ರಶ್ನೆಯನ್ನೇ.

ಮೊದಲು ಏನನ್ನು ತೀರ್ಮಾನಿಸಬೇಕು? ಉಡುಪೋ, ದೇವರೋ, ಭಾಷೆಯೋ?

ಅವೆಲ್ಲ ಆಮೇಲೆ. ಮೊದಲು ಸರಕು. ಏನನ್ನು ಒಯ್ಯುತ್ತಾರೆ, ಎಲ್ಲಿಂದ ಎಲ್ಲಿಗೆ, ಕೊಳ್ಳುವವನು ತಾನೇ ಹೋಗಿ ತಂದುಕೊಳ್ಳಲು ಏನು ಅಡ್ಡಿ ಎಂಬ ಮೂರಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಕುಲದ ಗುಣ ಅಡಗಿರುವುದು ಅಲ್ಲೇ. ದಾರಿಯ ನೀರಿನ ಸೆಲೆಗಳು ಅವರಿಗೆ ಮಾತ್ರ ಗೊತ್ತಿದ್ದರೆ ಬಾವಿಗಳ ಪಟ್ಟಿಯೇ ಅವರ ಮಂತ್ರ. ಅದನ್ನು ಹಾಡು ಮಾಡಿ ಮಕ್ಕಳಿಗೆ ಕಲಿಸುತ್ತಾರೆ, ಹೊರಗಿನವರ ಎದುರು ಹಾಡುವುದಿಲ್ಲ. ದಾರಿಯ ಎರಡೂ ತುದಿಯಲ್ಲಿ ನೆಂಟರಿರುವುದೇ ಅವರ ಬಲವಾದರೆ ಮದುವೆಯ ನಿಯಮ ಬಿಗಿಯಾಗಿರುತ್ತದೆ. ರಾಜನ ಪರವಾನಗಿ ಬಲವಾದರೆ ಆ ತಾಮ್ರಪಟ ಇಡುವ ಪೆಟ್ಟಿಗೆಗೇ ಪೂಜೆ.

17ನೇ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಎತ್ತಿನ ಮೇಲೆ ಹೇರು ಹೊರಿಸಿ ಸಾಗುವ ಮಂದಿಯಲ್ಲಿ ನಾಲ್ಕು ಪಂಗಡಗಳಿವೆ ಎಂದು ಬರೆದಿದ್ದಾನೆ. ಒಂದು ಪಂಗಡ ಗೋಧಿಯಂಥ ಧಾನ್ಯ ಮಾತ್ರ ಹೊರುತ್ತದೆ, ಒಂದು ಅಕ್ಕಿ, ಒಂದು ಬೇಳೆ, ಒಂದು ಉಪ್ಪು. ಹುಟ್ಟಿನಿಂದ ಸಾವಿನವರೆಗೆ ಒಂದೇ ಸರಕು. ಇಂಥ ಒಂದು ಸಂಗತಿ ಸಿಕ್ಕರೆ ಹತ್ತು ಪುಟದ ಸಂಸ್ಕೃತಿ ತಾನಾಗಿ ಬೆಳೆಯುತ್ತದೆ.

ಮುಂದಿನ ಉತ್ತರಗಳಿಗೆ ಒಂದು ಮಾದರಿ ಇಟ್ಟುಕೊಳ್ಳೋಣ. 'ಉಪ್ಪಿನವರು' ಎನ್ನಿ: ಕಡಲತೀರದ ಉಪ್ಪನ್ನು ಕತ್ತೆಗಳ ಮೇಲೆ ಹೇರಿಕೊಂಡು 400 ಕಿ.ಮೀ. ಒಳನಾಡಿನ ತಾಮ್ರದ ಗಣಿಗೆ ಒಯ್ದು, ಅಲ್ಲಿಂದ ತಾಮ್ರ ತರುವವರು.

ಒಂದು ಪ್ರಾಣಿ ಎಷ್ಟು ಹೊರುತ್ತದೆ? ದಿನಕ್ಕೆ ಎಷ್ಟು ದೂರ ಸಾಗಬಹುದು?

ಲೆಕ್ಕಕ್ಕೆ ಹಿಡಿಯಬಹುದಾದ ಅಂಕಿಗಳು: ಕತ್ತೆ 50ರಿಂದ 70 ಕೆ.ಜಿ., ಹೇರೆತ್ತು 100 ಕೆ.ಜಿ. ಆಸುಪಾಸು, ಒಂಟೆ 150ರಿಂದ 200 ಕೆ.ಜಿ. ಒಂಟೆಸಾಲು ದಿನಕ್ಕೆ 30–40 ಕಿ.ಮೀ. ಸಾಗುತ್ತದೆ. ಮೇಯುತ್ತ ನಡೆಯುವ ಎತ್ತಿನ ಹಿಂಡು ಅದರ ಮೂರನೇ ಒಂದು ಪಾಲು ಸಾಗಿದರೆ ಹೆಚ್ಚು. 100 ಟನ್ ಹಿಡಿಯುವ ಒಂದು ಹಾಯಿಹಡಗು ಸಾವಿರ ಎತ್ತಿನ ಹೇರಿಗೆ ಸಮ. ಹಾಗಾಗಿ ಕಡಲಿನವರೂ ನೆಲದವರೂ ಒಂದೇ ಸ್ವಭಾವದ ಜನರಾಗಿರಲು ಸಾಧ್ಯವಿಲ್ಲ.

ಬರೆಯುವವರು ಹೆಚ್ಚಾಗಿ ಎಡವುವುದು ಮೇವಿನಲ್ಲಿ. ನಮ್ಮ ಉಪ್ಪಿನವರ ಕತ್ತೆ 60 ಕೆ.ಜಿ. ಹೊರುತ್ತದೆ, ದಿನಕ್ಕೆ 20 ಕಿ.ಮೀ. ನಡೆಯುತ್ತದೆ ಎಂದುಕೊಳ್ಳಿ. 400 ಕಿ.ಮೀ.ಗೆ 20 ದಿನ. ಅದು ದಿನಕ್ಕೆ 3 ಕೆ.ಜಿ. ಮೇವು ತಿಂದರೆ, ಅದನ್ನೂ ಬೆನ್ನ ಮೇಲೆಯೇ ಒಯ್ಯಬೇಕಾದರೆ, 20 ದಿನಕ್ಕೆ 60 ಕೆ.ಜಿ. ಅಂದರೆ ಗಣಿ ಮುಟ್ಟುವ ಹೊತ್ತಿಗೆ ಕತ್ತೆ ತನ್ನ ಹೇರನ್ನೆಲ್ಲ ತಾನೇ ತಿಂದು ಮುಗಿಸಿರುತ್ತದೆ. ಉಪ್ಪಿಗೆ ಜಾಗವೇ ಇಲ್ಲ. ಇರುವ ದಾರಿ ಎರಡೇ. ಒಂದೋ ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಸರಕು ಹಿಡಿಯಬೇಕು. ಇಲ್ಲವೇ ಮೇಯಿಸಿಕೊಂಡು ನಿಧಾನವಾಗಿ ಹೋಗಬೇಕು. ಎರಡನೆಯದನ್ನು ಆರಿಸಿದರೆ ದಿನಕ್ಕೆ 15 ಕಿ.ಮೀ., ಸುಮಾರು 27 ದಿನ, ಜೊತೆಗೆ ವಾರಕ್ಕೊಂದು ಬಿಡುವು: ತಿಂಗಳ ಪಯಣ. ಅದೂ ಹುಲ್ಲಿರುವ ಕಾಲದಲ್ಲಿ ಮಾತ್ರ. ಹುಲ್ಲು ಬೆಳೆಯುವುದು ಮಳೆಗೆ, ಉಪ್ಪು ಕರಗುವುದೂ ಮಳೆಗೆ. ಮಳೆ ನಿಂತು ಹುಲ್ಲು ಒಣಗುವುದರೊಳಗಿನ ಕಿರು ಅವಧಿಯೇ ಅವರ ವರ್ಷ. ಮದುವೆ, ಜಾತ್ರೆ, ನ್ಯಾಯಪಂಚಾಯಿತಿ ಎಲ್ಲವನ್ನೂ ಉಳಿದ ತಿಂಗಳುಗಳಿಗೆ ತಳ್ಳಿ. ತಾವೆರ್ನಿಯೆ ಕಂಡ ಹಿಂಡುಗಳಲ್ಲಿ 10,000–12,000 ಎತ್ತುಗಳಿರುತ್ತಿದ್ದವು. ಅಷ್ಟೊಂದು ಎತ್ತುಗಳಿಗೆ ಹುಲ್ಲು ಬೇಕಿದ್ದರಿಂದಲೇ ಅವು ಆಮೆಯಂತೆ ಸಾಗುತ್ತಿದ್ದವು, ಅದಕ್ಕೇ ಸಾಗಣೆ ಅಗ್ಗವಾಗುತ್ತಿತ್ತು.

ಇನ್ನೊಂದು ಹತ್ತಿರದ ನೋಟ: ಹೇರಿನ ಎಡ ಬಲ ಚೀಲಗಳಲ್ಲಿ ಎರಡು ಮೂರು ಕೆ.ಜಿ. ವ್ಯತ್ಯಾಸವಾದರೂ ತಡಿ ಒಂದೇ ಕಡೆ ಜಾರಿ, ಉಜ್ಜಿ, ಬೆನ್ನು ಹುಣ್ಣಾಗುತ್ತದೆ. ಹುಣ್ಣಾದ ಪ್ರಾಣಿ ವಾರಗಟ್ಟಲೆ ಹೊರಲಾರದು. ಉಪ್ಪಿನವರಲ್ಲಿ 'ಬೆನ್ನು ನೋಡದೆ ಅನ್ನ ಮುಟ್ಟಬಾರದು' ಎಂಬ ಕಟ್ಟಳೆ ಇಡಿ. ಸಂಜೆ ತಡಿ ಇಳಿಸಿ, ಅಂಗೈಯಿಂದ ಬೆನ್ನು ಸವರಿ, ಬಿಸಿ ಇರುವ ಜಾಗ ಹುಡುಕಿ, ಆಮೇಲೆ ಊಟ. ಹುಡುಗಿ ನೋಡಲು ಬಂದ ಗಂಡಿನ ಕಡೆಯವರು ಮೊದಲು ಆ ಮನೆಯ ಕತ್ತೆಗಳ ಬೆನ್ನು ನೋಡುತ್ತಾರೆ ಎಂದು ಸೇರಿಸಿದರೆ, ಆ ಜನರ ಬಗ್ಗೆ ಓದುಗನಿಗೆ ಬೇರೆ ವಿವರಣೆ ಬೇಕಿಲ್ಲ.

ದೂರದಲ್ಲಿರುವ ಪಾಲುದಾರ ಮೋಸ ಮಾಡದಂತೆ ಏನು ವ್ಯವಸ್ಥೆ ಇಡಬೇಕು?

'ಅವರು ಮಾತಿಗೆ ತಪ್ಪದ ಜನ' ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಮಾತಿಗೆ ತಪ್ಪಿದರೆ ಆಗುವ ನಷ್ಟ ಮೋಸದ ಲಾಭಕ್ಕಿಂತ ದೊಡ್ಡದಾಗಿರಬೇಕು. ಆಗ ಪ್ರಾಮಾಣಿಕತೆ ತಾನಾಗಿ ಬರುತ್ತದೆ.

ಮೊದಲ ಹತೋಟಿ ಪಾಲು. ಮಧ್ಯಯುಗದ ಮೆಡಿಟರೇನಿಯನ್ ಬಂದರುಗಳಲ್ಲಿ ಬಂಡವಾಳವನ್ನೆಲ್ಲ ಮನೆಯಲ್ಲಿ ಕುಳಿತವನೇ ಹಾಕಿದರೆ ಲಾಭದ ಮುಕ್ಕಾಲು ಅವನಿಗೆ, ಪಯಣ ಹೋದವನಿಗೆ ಕಾಲು ಭಾಗ ಎಂಬುದು ರೂಢಿಯ ಒಪ್ಪಂದ. ಸರಕು ಮುಳುಗಿದರೆ ಬಂಡವಾಳ ಹಾಕಿದವನ ನಷ್ಟ, ಹೋದವನಿಗೆ ಶ್ರಮ ವ್ಯರ್ಥ. ಬಡ ಹುಡುಗನೊಬ್ಬ ಕೈಯಲ್ಲಿ ಕಾಸಿಲ್ಲದೆ ವ್ಯಾಪಾರಿಯಾಗುವ ದಾರಿ ಇದು. ಕಥೆಗೆ ಬೇಕಾದ ನಾಯಕನೂ ಇಲ್ಲೇ ಸಿಗುತ್ತಾನೆ.

ಎರಡನೆಯದು ಪತ್ರ. ಕೈರೋದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ, ಯಹೂದಿ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ, ದೇವರ ಹೆಸರಿರಬಹುದಾದ ಬರಹವನ್ನು ನಾಶ ಮಾಡಬಾರದೆಂದು ಹಳೇ ಕಾಗದಗಳನ್ನೆಲ್ಲ ತುಂಬಿಟ್ಟಿದ್ದರು. ಅವುಗಳಲ್ಲಿ ವ್ಯಾಪಾರದ ಪತ್ರಗಳು ರಾಶಿ ರಾಶಿ. ಸರಕಿನ ಪಟ್ಟಿ, ಪೇಟೆಯ ದರ, ಯಾವ ಹಡಗು ಬಂತು ಯಾವುದು ಬರಲಿಲ್ಲ, ಇಂಥವನು ಬಾಕಿ ಕೊಟ್ಟಿಲ್ಲ ಎಂಬ ದೂರು. ಒಂದೇ ಪತ್ರದ ಪ್ರತಿಗಳನ್ನು ಬೇರೆ ಬೇರೆ ಹಡಗಿನಲ್ಲಿ ಕಳಿಸುವುದೂ ಇತ್ತು, ಒಂದು ಮುಳುಗಿದರೂ ಇನ್ನೊಂದು ಮುಟ್ಟಲಿ ಎಂದು. ಈ ಪತ್ರಗಳಿಂದ ಗೊತ್ತಾಗುವ 11ನೇ ಶತಮಾನದ ಮಗ್ರಿಬಿ (ಉತ್ತರ ಆಫ್ರಿಕಾ ಮೂಲದ ಯಹೂದಿ) ವರ್ತಕರಲ್ಲಿ ಒಬ್ಬನಿಗೆ ಮೋಸ ಮಾಡಿದವನ ಜೊತೆ ಉಳಿದವರೂ ವ್ಯವಹಾರ ನಿಲ್ಲಿಸುತ್ತಿದ್ದರು ಎಂದು ಆರ್ಥಿಕ ಇತಿಹಾಸಕಾರ ಅವ್ನರ್ ಗ್ರೈಫ್ ವಿವರಿಸಿದ್ದಾರೆ. ಕೋರ್ಟು ಬೇಕಿಲ್ಲ, ಪತ್ರವೇ ಶಿಕ್ಷೆ.

ಇದನ್ನು ನಿಮ್ಮ ಕುಲಕ್ಕೆ ಒಗ್ಗಿಸುವಾಗ ಮೂರು ಸಂಗತಿ ನಿರ್ಧರಿಸಿ: ಸುದ್ದಿ ಯಾರ ಮೂಲಕ ಹರಡುತ್ತದೆ, ಎಷ್ಟು ದಿನಕ್ಕೆ ಮುಟ್ಟುತ್ತದೆ, ಸುಳ್ಳು ಸುದ್ದಿ ಹಬ್ಬಿಸಿದವನಿಗೆ ಏನಾಗುತ್ತದೆ. ಮೂರನೆಯದಿಲ್ಲದಿದ್ದರೆ ದ್ವೇಷವಿದ್ದವನೊಬ್ಬ ಒಂದೇ ಕಾಗದದಿಂದ ಯಾರನ್ನಾದರೂ ಮುಗಿಸಬಹುದು. ಬೇಕಾದರೆ ಅದನ್ನೇ ಕಥಾವಸ್ತು ಮಾಡಿಕೊಳ್ಳಿ.

ಹಣ ಹೊತ್ತುಕೊಂಡೇ ತಿರುಗಬೇಕೆ? ಹುಂಡಿಯಂಥದ್ದು ಇಡಬಹುದೆ?

ಖಂಡಿತ. ಹುಂಡಿ ಎಂದರೆ ಇಲ್ಲಿ ದೇವರ ಕಾಣಿಕೆ ಪೆಟ್ಟಿಗೆಯಲ್ಲ; ಒಂದೂರಲ್ಲಿ ಬರೆದುಕೊಟ್ಟು ಇನ್ನೊಂದೂರಲ್ಲಿ ಹಣ ಪಡೆಯುವ ಚೀಟಿ. ಭಾರತದ ಹುಂಡಿಯಲ್ಲಿ ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ, ಇಷ್ಟು ದಿನ ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ. ಜೋಖ್ಮಿ ಎಂಬ ಇನ್ನೊಂದು ಬಗೆಯಿತ್ತು: ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಹಣ, ಹಡಗು ಮುಳುಗಿದರೆ ಹುಂಡಿಯೂ ಮುಳುಗಿದಂತೆ. ಸಾಲವೂ ವಿಮೆಯೂ ಒಂದೇ ಚೀಟಿಯಲ್ಲಿ.

ತಿದ್ದುಪಡಿ ತಡೆಯಲು ಮೊತ್ತವನ್ನು ಬರೆಯುತ್ತಿದ್ದ ರೀತಿಯನ್ನು ನೋಡಿ. 'ರೂಪಾಯಿ 500, ಅದರ ಅರ್ಧ 250, ಅದರ ಎರಡರಷ್ಟು ಪೂರ್ತಿ ಕೊಡುವುದು.' ಒಂದು ಸೊನ್ನೆ ಸೇರಿಸಹೊರಟ ಕಳ್ಳ ಎರಡು ಕಡೆ ತಿದ್ದಬೇಕು. ಮೂಲ ಕಳೆದುಹೋದರೆ ಎರಡನೇ ಪ್ರತಿ, ಅದೂ ಹೋದರೆ ಮೂರನೆಯದು ಬರೆದುಕೊಡುವ ಪದ್ಧತಿಯಿತ್ತು. ಹಾಗಿದ್ದಮೇಲೆ ಒಂದು ಪ್ರತಿಗೆ ಹಣ ಕೊಟ್ಟರೆ ಉಳಿದವು ರದ್ದು ಎಂದು ಎರಡೂ ಊರಿನವರಿಗೆ ಗೊತ್ತಿರಬೇಕು.

ಕೆಡುವುದು ಎಲ್ಲಿ? ವ್ಯಾಪಾರ ಒಂದೇ ದಿಕ್ಕಿನದಾದರೆ. ಉಪ್ಪಿನವರು ಗಣಿಯೂರಿನ ಮೇಲೆ (ಅಂದರೆ ಹಣ ಅಲ್ಲಿ ಸಿಗುವಂತೆ) ಹುಂಡಿ ಬರೆಯುತ್ತಲೇ ಹೋಗಿ, ಆ ಊರಿನವರು ತೀರದ ಮೇಲೆ ಬರೆಯದಿದ್ದರೆ ಗಣಿಯೂರಿನ ಪೆಟ್ಟಿಗೆ ಬರಿದಾಗುತ್ತದೆ. ಕೊನೆಗೆ ಯಾರಾದರೂ ನಾಣ್ಯ ಹೊತ್ತು ಹೋಗಲೇಬೇಕು. ಕಾವಲು, ದರೋಡೆ, ರಾತ್ರಿಯ ಪಯಣ ಇವೆಲ್ಲ ಆ ವರ್ಷಕ್ಕೊಂದು ಸಲದ ಪ್ರಯಾಣಕ್ಕೆ ಸಾಕು.

ತೂಕ, ಅಳತೆಗಳನ್ನು ಹೊಸದಾಗಿ ಸೃಷ್ಟಿಸಬೇಕೆ?

ಹೆಸರು ಹೊಸದಾಗಿರಲಿ, ತರ್ಕ ಹಳೆಯದೇ ಇರಲಿ. ಸಿಂಧೂ ಕಣಿವೆಯ ಘನಾಕಾರದ ತೂಕದ ಕಲ್ಲುಗಳು 1, 2, 4, 8, 16, 32, 64 ಎಂದು ಇಮ್ಮಡಿಯಾಗುತ್ತ ಹೋಗುತ್ತವೆ; ಹೆಚ್ಚಾಗಿ ಸಿಗುವ 16ರ ಕಲ್ಲು 13.7 ಗ್ರಾಂ ಆಸುಪಾಸು. ತಕ್ಕಡಿಗೆ ಗೊತ್ತಿರುವುದು ಎರಡು ತಟ್ಟೆ ಸಮವೋ ಅಲ್ಲವೋ ಎಂಬುದಷ್ಟೇ. ಹಾಗಾಗಿ ಒಂದು ಗುಡ್ಡೆಯನ್ನು ಅರ್ಧ ಮಾಡುವುದು ಸುಲಭ, ಹತ್ತು ಭಾಗ ಮಾಡುವುದು ಕಷ್ಟ. 1, 2, 4, 8, 16 ಎಂಬ ಐದೇ ಕಲ್ಲಿದ್ದರೆ 1ರಿಂದ 31ರವರೆಗೆ ಯಾವ ತೂಕವನ್ನಾದರೂ ತೂಗಬಹುದು. ಊರೂರು ತಿರುಗುವವನ ಚೀಲಕ್ಕೆ ಇದು ಹಗುರದ ಏರ್ಪಾಡು.

ಮೋಸ ನಡೆಯುವುದು ಕಲ್ಲಿಗಿಂತ ಹೆಚ್ಚಾಗಿ ತಕ್ಕಡಿಯ ದಂಡಿಗೆಯಲ್ಲಿ. ಒಂದು ತೋಳು ಕೂದಲೆಳೆಯಷ್ಟು ಉದ್ದವಿದ್ದರೆ ಸಾಕು. ಪತ್ತೆಹಚ್ಚುವುದು ಸುಲಭ: ಸರಕು ಮತ್ತು ಕಲ್ಲು ಅದಲುಬದಲು ಮಾಡಿ ಮತ್ತೆ ತೂಗಿ. ಉಪ್ಪಿನವರಲ್ಲಿ 'ತಟ್ಟೆ ಬದಲಿಸು' ಎನ್ನುವುದು ಘೋರ ಅವಮಾನ ಎಂದಿಟ್ಟುಕೊಳ್ಳಿ. ಇಲ್ಲವೇ ಕೇಳುವ ಮೊದಲೇ ಬದಲಿಸಿ ತೋರಿಸುವುದು ಮರ್ಯಾದೆ ಎಂದು. ಒಂದೊಂದು ಆಯ್ಕೆಯಿಂದ ಒಂದೊಂದು ಥರದ ಜನ ಹುಟ್ಟುತ್ತಾರೆ.

ಚೌಕಾಸಿಯ ದೃಶ್ಯ ಎಲ್ಲ ಕಥೆಗಳಲ್ಲೂ ಒಂದೇ ಥರ ಕಾಣುತ್ತದೆ. ಬೇರೆ ದಾರಿ?

ಕೂಗಾಟ ಬಿಡಿ. ದನದ ಜಾತ್ರೆಗಳಲ್ಲಿ, ಮುತ್ತು ರತ್ನದ ಪೇಟೆಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ರೂಢಿಯಿದೆ. ಮೇಲೆ ಟವೆಲ್, ಕೆಳಗೆ ಎರಡು ಕೈ, ಮುಖದಲ್ಲಿ ಏನೂ ಇಲ್ಲ. ಸುತ್ತ ಹತ್ತು ಜನ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ಪಕ್ಕದವನಿಗೆ ಬೇರೆ ಬೆಲೆ ಹೇಳುವ ಸ್ವಾತಂತ್ರ್ಯ ಮಾರುವವನಿಗೆ ಉಳಿಯುತ್ತದೆ.

ಇನ್ನೊಂದು ತುದಿಯಲ್ಲಿ, ಮಾತೇ ಇಲ್ಲದ ವ್ಯಾಪಾರ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಉತ್ತರ ಆಫ್ರಿಕಾದ ಬಂದರುನಗರವಾದ ಕಾರ್ಥೇಜಿನವರ ಬಗ್ಗೆ ಹೀಗೆ ಬರೆದಿದ್ದಾನೆ: ಅವರು ಆಫ್ರಿಕಾದ ತೀರದಲ್ಲಿ ಸರಕು ಸಾಲಾಗಿಟ್ಟು, ಹಡಗಿಗೆ ಮರಳಿ ಹೊಗೆ ಹಾಕುತ್ತಾರೆ. ಹೊಗೆ ಕಂಡು ಊರಿನವರು ಬಂದು ಚಿನ್ನ ಇಟ್ಟು ದೂರ ಸರಿಯುತ್ತಾರೆ. ಚಿನ್ನ ಸಾಕೆನಿಸಿದರೆ ಇವರು ಒಯ್ಯುತ್ತಾರೆ, ಸಾಲದಿದ್ದರೆ ಮತ್ತೆ ಹಡಗಿಗೆ ಹೋಗಿ ಕಾಯುತ್ತಾರೆ. ಬೆಲೆ ಕುದುರುವವರೆಗೆ ಕಾರ್ಥೇಜಿನವರು ಚಿನ್ನ ಮುಟ್ಟುವುದಿಲ್ಲ, ಊರಿನವರು ಸರಕು ಮುಟ್ಟುವುದಿಲ್ಲ. ಭಾಷೆ ಬಾರದ ಇಬ್ಬರ ನಡುವೆ ಇಡೀ ಒಂದು ಚೌಕಾಸಿ, ಒಂದೇ ಒಂದು ಸಂಭಾಷಣೆ ಇಲ್ಲದೆ.

ಮದುವೆ, ಹೆಂಗಸರು, ಮಕ್ಕಳು: ಗಂಡಸರೆಲ್ಲ ದಾರಿಯಲ್ಲಿದ್ದರೆ ಮನೆ ಹೇಗೆ ನಡೆಯುತ್ತದೆ?

ಹೆಚ್ಚಿನ ಕಥೆಗಳು ಸೊರಗುವುದು ಇಲ್ಲೇ. ವರ್ಷದ ಎಂಟು ತಿಂಗಳು ಗಂಡ ಇಲ್ಲದ ಮನೆಯಲ್ಲಿ ಸಾಲ ವಸೂಲಿ, ಗೋದಾಮು, ಆಳುಕಾಳು, ಮಕ್ಕಳ ಲೆಕ್ಕಪಾಠ ಎಲ್ಲ ನೋಡುವವರು ಯಾರು? ಹೆಂಗಸರೇ. ಹಾಗಿದ್ದಮೇಲೆ ಅವರಿಗೆ ಓದು ಬರಹ ಬರಬೇಕು, ಅವರ ಮುದ್ರೆಗೆ ಪೇಟೆಯಲ್ಲಿ ಬೆಲೆ ಇರಬೇಕು. ಇಲ್ಲ ಎಂದಾದರೆ ಯಾಕಿಲ್ಲ, ಆ ಕೆಲಸ ಯಾರು ಮಾಡುತ್ತಾರೆ ಎಂದು ಹೇಳಿ.

ಗಂಡ ಮರಳದಿದ್ದರೆ? 1907ರಲ್ಲಿ ಪುರಾತತ್ವಜ್ಞ ಔರೆಲ್ ಸ್ಟೈನ್ ಚೀನಾದ ದುನ್‌ಹುವಾಂಗ್ ಬಳಿಯ ಪಾಳು ಕಾವಲುಗೋಪುರದಲ್ಲಿ ಸೋಗ್ಡಿಯನ್ (ಮಧ್ಯ ಏಷ್ಯಾದ ಸಮರ್ಕಂದ್ ಸುತ್ತಿನ) ವರ್ತಕರ ಪತ್ರಗಳನ್ನು ಕಂಡರು. 4ನೇ ಶತಮಾನದ ಆರಂಭದವು. ಅವುಗಳಲ್ಲೊಂದು ಮಿವ್ನಾಯ್ ಎಂಬ ಹೆಂಗಸು ಗಂಡನಿಗೆ ಬರೆದದ್ದು. ಅವನ ಮಾತು ಕೇಳಿ ಬಂದು, ಮಗಳೊಂದಿಗೆ ಪರಊರಲ್ಲಿ ಸಿಕ್ಕಿಬಿದ್ದಿದ್ದಾಳೆ; ಚೀನೀಯರ ಮನೆಯಲ್ಲಿ ಚಾಕರಿ. ನಿನ್ನ ಹೆಂಡತಿಯಾಗುವುದಕ್ಕಿಂತ ನಾಯಿಯದೋ ಹಂದಿಯದೋ ಹೆಂಡತಿಯಾಗುವುದು ವಾಸಿ ಎಂದು ಬರೆಯುತ್ತಾಳೆ. ಆ ಪತ್ರ ಅವನ ಕೈ ಸೇರಲಿಲ್ಲ.

ಪರಊರಿನಲ್ಲಿ ಮದುವೆಗೆ ಎರಡು ತದ್ವಿರುದ್ಧ ನಿಯಮಗಳು ನಡೆದಿವೆ. ನಾರ್ವೆಯ ಬರ್ಗೆನ್‌ನಲ್ಲಿದ್ದ ಹಾನ್ಸಾ ಸಂಘದ ಜರ್ಮನ್ ವರ್ತಕರು ಅಲ್ಲಿರುವಷ್ಟು ಕಾಲ ಮದುವೆಯಾಗುವಂತಿರಲಿಲ್ಲ. ಮರದ ಸಾಲುಮನೆಗಳಲ್ಲಿ ಬೆಂಕಿ ಹಾಕುವುದೂ ನಿಷಿದ್ಧ. ಚಳಿ ಕಾಯಿಸಿಕೊಳ್ಳಲು, ಊಟಕ್ಕೆ ಎಲ್ಲರೂ ಪ್ರತ್ಯೇಕ ಕೂಟಮನೆಗೆ ಹೋಗಬೇಕು. ಊರಿನೊಡನೆ ರಕ್ತಸಂಬಂಧ ಬೆಳೆದರೆ ಸಂಘದ ನಿಷ್ಠೆ ಸಡಿಲವಾಗುತ್ತದೆ ಎಂಬ ಲೆಕ್ಕಾಚಾರ ಇಂಥ ನಿಯಮಕ್ಕೆ ಸಲ್ಲುತ್ತದೆ. ಇನ್ನೊಂದು ಕಡೆ, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರ ಅಭಿಪ್ರಾಯ. ಮುಂಗಾರು ಮುಗಿದು ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಬಂದರಿನಲ್ಲೇ ಕಾಯಬೇಕಾದ ಕಡಲಲ್ಲಿ ಎರಡನೆಯ ಬಗೆಯ ಸಂಸಾರಗಳೇ ಹೆಚ್ಚು. ಆ ಮಕ್ಕಳು ಯಾವ ಕುಲಕ್ಕೆ ಸೇರುತ್ತಾರೆ, ಆಸ್ತಿಯಲ್ಲಿ ಪಾಲಿದೆಯೇ ಎಂಬುದನ್ನು ಮೊದಲೇ ನಿರ್ಧರಿಸಿ. ಎರಡು ಭಾಷೆಯ ದುಭಾಷಿಗಳು ಹುಟ್ಟುವುದು ಈ ಮನೆಗಳಲ್ಲೇ.

ದೇವರು, ಹಬ್ಬ?

ದೇವಾಲಯವನ್ನು ಗೋದಾಮಿನ ಹಾಗೆ ಯೋಚಿಸಿ. ರಷ್ಯಾದ ನೊವ್ಗೊರೊದ್‌ನಲ್ಲಿ ಜರ್ಮನ್ ವರ್ತಕರ ಸೇಂಟ್ ಪೀಟರ್ ಚರ್ಚಿನೊಳಗೇ ಸರಕು, ತಕ್ಕಡಿ, ಹಣದ ಪೆಟ್ಟಿಗೆ ಇರುತ್ತಿದ್ದವು. ಬೆಂಕಿಗೂ ಕಳ್ಳರಿಗೂ ಜಗ್ಗದ ಕಟ್ಟಡ, ಮೇಲಾಗಿ ಆಣೆಗೆ ಸಾಕ್ಷಿ. ಹಬ್ಬಗಳು ಲೆಕ್ಕ ಮುಗಿಯುವ ದಿನ, ಹೊಸ ಪುಸ್ತಕ ತೆರೆಯುವ ದಿನ, ಮೊದಲ ಹೇರು ಹೊರಡುವ ದಿನಗಳಿಗೆ ಅಂಟಿಕೊಂಡಿರಲಿ.

ಗುಟ್ಟಿನ ಭಾಷೆ ಬೇಕೆ?

ಪೂರ್ತಿ ಭಾಷೆ ಬೇಡ, ಓದುಗನಿಗೆ ಹೊರೆ. ಲಿಪಿಯ ಒಂದು ಓರೆ ಸಾಕು. ಉತ್ತರ ಭಾರತದ ಮಹಾಜನಿ ಬರಹದಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುತ್ತಿದ್ದರು. ವೇಗಕ್ಕೆ ಒಳ್ಳೆಯದು, ಹೊರಗಿನವನಿಗೆ ಅರ್ಥವಾಗದು, ಒಳಗಿನವನಿಗೂ ಕೆಲವೊಮ್ಮೆ. 'ಕಾಕಾ ಅಜ್ಮೇರ್ ಗಯೇ', ಅಂದರೆ ಚಿಕ್ಕಪ್ಪ ಅಜ್ಮೇರಿಗೆ ಹೋದರು ಎಂದು ಬರೆದದ್ದನ್ನು 'ಕಾಕಾ ಆಜ್ ಮರ್ ಗಯೇ', ಚಿಕ್ಕಪ್ಪ ಇವತ್ತು ಸತ್ತರು ಎಂದು ಓದಿ ಮನೆಯಲ್ಲಿ ಗೋಳೋ ಎಂದರಂತೆ ಎಂಬ ನಗೆಮಾತು ಇಂದಿಗೂ ಚಾಲ್ತಿಯಲ್ಲಿದೆ. ಬೆಲೆ ಗುಟ್ಟಾಗಿಡಲು ಹತ್ತು ಬೇರೆ ಬೇರೆ ಅಕ್ಷರಗಳ ಒಂದು ಪದ ಅಥವಾ ಸಾಲು ಸಾಕು: ಒಂದೊಂದು ಅಕ್ಷರ ಒಂದೊಂದು ಅಂಕಿ.

ವರ್ತಕರು ಯುದ್ಧ ಮಾಡುತ್ತಾರೆಯೇ?

ಮಾಡುತ್ತಾರೆ, ಮಾಡಿದ್ದನ್ನು ಹೇಳಿಕೊಳ್ಳುತ್ತಾರೆ ಕೂಡ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದವರು ತಮ್ಮ ನಡೆಗೆ ಇಟ್ಟುಕೊಂಡ ಹೆಸರು ವೀರ ಬಣಂಜು ಧರ್ಮ. ಅವರ ಶಾಸನಗಳಲ್ಲಿ ರಾಜರ ಪ್ರಶಸ್ತಿಗಳನ್ನು ನಾಚಿಸುವ ಬಿರುದುಗಳ ಸಾಲಿದೆ. ಸುಮಾತ್ರಾದ ಬರೂಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಈ ಐನೂರ್ವರ ಹೆಸರಿದೆ. ಸೈನ್ಯ ಸಾಕುವ ಖರ್ಚು ಸರಕಿನ ಬೆಲೆಗೆ ಸೇರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ನನ್ನ ಕುಲ 'ದುರಾಸೆಯ ಜನ'ರಂತೆ ಕಾಣುತ್ತಿದೆ. ಏನು ಮಾಡಲಿ?

ಯಾರ ಕಣ್ಣಿನಿಂದ ಬರೆಯುತ್ತಿದ್ದೀರಿ ನೋಡಿ. ತಾಂಗ್ ರಾಜವಂಶದ ಕಾಲವನ್ನು ಕುರಿತ ಚೀನೀ ಚರಿತ್ರೆಗಳು ಸೋಗ್ಡಿಯನ್ನರ ಬಗ್ಗೆ ಹೇಳುತ್ತವೆ: ಮಗು ಹುಟ್ಟಿದರೆ ಬಾಯಿಗೆ ಸಕ್ಕರೆ ಇಡುತ್ತಾರೆ, ಮಾತು ಸಿಹಿಯಾಗಲೆಂದು; ಅಂಗೈಗೆ ಅಂಟು ಹಚ್ಚುತ್ತಾರೆ, ಹಿಡಿದ ಕಾಸು ಬಿಡದಿರಲೆಂದು. ಸೊಗಸಾದ ವಿವರ, ಆದರೆ ಬರೆದದ್ದು ಹೊರಗಿನವರು. ಅದೇ ಸೋಗ್ಡಿಯನ್ನರ ಪತ್ರಗಳಲ್ಲಿ ಸಿಗುವುದು ಹಸಿವು, ಭಯ, ಅನಾಥ ಹುಡುಗನ ಹಣವನ್ನು ಜೋಪಾನ ಮಾಡಿ ಎಂಬ ಕೋರಿಕೆ. ನಿಮ್ಮ ಕಥೆಯಲ್ಲೂ ಎರಡೂ ಇರಲಿ: ಹೊರಗಿನವರು ಹೇಳುವ ಗಾದೆ ಒಂದು, ಅದೇ ಆಚರಣೆಗೆ ಒಳಗಿನವರು ಕೊಡುವ ಕಾರಣ ಇನ್ನೊಂದು. ಜೊತೆಗೆ, ನಿಜ ಜಗತ್ತಿನ ಯಾವುದೇ ಸಮುದಾಯದ ಮೂಗು, ಟೋಪಿ, ಮಾತಿನ ಧಾಟಿಯನ್ನು ಎರವಲು ತರಬೇಡಿ. ಏರ್ಪಾಡುಗಳನ್ನು ತನ್ನಿ, ಚಹರೆಯನ್ನಲ್ಲ. ಆ ಕುಲದಲ್ಲಿ ವ್ಯಾಪಾರ ಬಾರದವನು, ಲೆಕ್ಕ ಕಂಡರೆ ಓಡುವವನು, ಕೈ ಬಿಗಿ ಇಲ್ಲದವಳು ಕೂಡ ಇರಲೇಬೇಕು.

ದಾರಿಯಲ್ಲಿ ಒಬ್ಬ ಸತ್ತರೆ ಅವನ ಸರಕು ಯಾರದು?

ಕಾನೂನು ಎಲ್ಲೆಡೆ ಒಂದೇ ಇರಲಿಲ್ಲ. ಹಳೇ ಫ್ರಾನ್ಸಿನಲ್ಲಿ ಪರದೇಶಿ ಸತ್ತರೆ ಅವನ ಆಸ್ತಿಗೆ ದೊರೆ ಹಕ್ಕು ಹೇಳಬಹುದಿತ್ತು. ಒಡೆದ ಹಡಗಿನ ಸರಕು ದಡದ ಒಡೆಯನಿಗೆ ಎಂಬ ಪದ್ಧತಿಯೂ ವ್ಯಾಪಕವಾಗಿತ್ತು. ಕಾಕತೀಯ ಗಣಪತಿದೇವ 13ನೇ ಶತಮಾನದಲ್ಲಿ ಮೋಟುಪಲ್ಲಿ ಬಂದರಿನಲ್ಲಿ ಹಾಕಿಸಿದ ಅಭಯಶಾಸನ, ಹಾಗೆ ಕಿತ್ತುಕೊಳ್ಳುವುದಿಲ್ಲ, ಗೊತ್ತುಪಡಿಸಿದ ಸುಂಕ ಮಾತ್ರ ಪಡೆಯುತ್ತೇವೆ ಎಂದು ವರ್ತಕರಿಗೆ ಭರವಸೆ ಕೊಡುತ್ತದೆ.

ಇಂಥ ಭರವಸೆಯಿಲ್ಲದ ನಾಡಿನಲ್ಲಿ ಕುಲವೇ ಏರ್ಪಾಡು ಮಾಡಿಕೊಳ್ಳಬೇಕು. ಉಪ್ಪಿನವರಲ್ಲಿ ಹೀಗಿರಬಹುದು: ಉಸಿರು ನಿಂತ ಕೂಡಲೇ ಅಳುವ ಮೊದಲು ಅವನ ಹೇರುಗಳನ್ನು ಎಣಿಸಬೇಕು. ಎಣಿಸುವವರು ಇಬ್ಬರು, ಅವರಲ್ಲೊಬ್ಬ ಸತ್ತವನಿಗೆ ಸಾಲ ತೀರಿಸಬೇಕಾದವನಾಗಿರಬಾರದು, ಇನ್ನೊಬ್ಬ ಅವನ ನೆಂಟನಾಗಿರಬಾರದು. ಎಣಿಕೆಯನ್ನು ಎರಡು ಹಗ್ಗಗಳಲ್ಲಿ ಗಂಟು ಹಾಕಿ, ಒಂದನ್ನು ಮುಂದೆ ಸಾಗುವ ಸಾಲಿನ ನಾಯಕ ಇಟ್ಟುಕೊಳ್ಳುತ್ತಾನೆ, ಇನ್ನೊಂದು ಎದುರಿಗೆ ಸಿಗುವ ಮರಳುಸಾಲಿನ ಜೊತೆ ಮನೆಗೆ ಹೋಗುತ್ತದೆ. ಅವನ ಕತ್ತೆಗಳು ನಿಲ್ಲದೆ ಗಣಿಯೂರಿಗೆ ಹೋಗಿ, ಉಪ್ಪು ಮಾರಿ, ತಾಮ್ರ ಹೊತ್ತು ಹಿಂತಿರುಗುತ್ತವೆ. ಎರಡು ಹಗ್ಗ ಅಂಗಳದಲ್ಲಿ ಅಕ್ಕಪಕ್ಕ ಹಾಸಿ, ಗಂಟಿಗೆ ಗಂಟು ತಾಳೆಯಾದ ಮೇಲೆ ವಿಧವೆ ಅಳಲು ಕೂರುತ್ತಾಳೆ.